ಹುಡುಗರಿಗೆ ಗೋಪುರ, ಹುಡುಗಿಯರಿಗೆ ಪೊರಕೆ: ಮಾಂಟೆಸ್ಸರಿ ಶಿಕ್ಷಕಿಯೊಬ್ಬರ ಪ್ರಶ್ನೆಗೆ ಪ್ರತಿಕ್ರಿಯೆ

ಮೇಡಂ, ಮಕ್ಕಳ ಇಷ್ಟಕ್ಕೇ ಬಿಟ್ಟರೂ ಹುಡುಗಿಯರು ಗುಡಿಸೋಕೆ, ಹುಡುಗರು ಗುಲಾಬಿ ಗೋಪುರಕ್ಕೆ (ಒಂದರ ಮೇಲೊಂದು ಪೇರಿಸೋ ಗುಲಾಬಿ ಬಣ್ಣದ ಮರದ ಘನಗಳು) ಹೋಗ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ‘ಅವರ ಆಯ್ಕೆ’ ಅಂತ ಬಿಡಬೇಡಿ. ಮೂರು ವರ್ಷದ ಮಗು ಮನೆಯಲ್ಲಿ ಕಂಡದ್ದನ್ನೇ ಆರಿಸುತ್ತೆ.

ಎರಡು ವಾರ ಯಾರು ಏನು ತೆಗೆದುಕೊಂಡರು, ಯಾರಿಗೆ ನೀವು ಏನು ತೋರಿಸಿಕೊಟ್ಟಿರಿ, ಎರಡನ್ನೂ ಬರೆದಿಡಿ. ಎಡವಟ್ಟು ಹೆಚ್ಚಾಗಿ ಎರಡನೇ ಪಟ್ಟಿಯಲ್ಲೇ ಸಿಗುತ್ತೆ. ತೋರಿಸಿಕೊಡದ ಸಾಮಗ್ರಿಯನ್ನು ಮಗು ಕಪಾಟಿನಿಂದ ಇಳಿಸೋದು ಕಡಿಮೆ.

ಗುಡಿಸೋದನ್ನು ಹುಡುಗರಿಗೂ ಒಬ್ಬೊಬ್ಬರಿಗೇ ಕಲಿಸಿ. ಮಗುವಿನ ಅಳತೆಯ ಪೊರಕೆ, ಪುಟ್ಟ ಮೊರ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಸುತ್ತ ಕಾಗದದ ಚೂರು ಹಾಕಿ, ಹೊರಗಿನಿಂದ ಚೌಕದೊಳಗೆ ನಿಧಾನವಾಗಿ ಗುಡಿಸಿ ತೋರಿಸಿ. ಚೌಕವಿಲ್ಲದಿದ್ದರೆ ಕಸ ಎಲ್ಲಿ ಸೇರಬೇಕೆಂದು ತಿಳಿಯದೆ ಅರ್ಧಕ್ಕೇ ಬಿಡ್ತಾರೆ. ‘ಅಮ್ಮನಿಗೆ ಸಹಾಯ ಮಾಡೋ ಜಾಣ’ ಅಂತ ಮಾತ್ರ ಹೊಗಳಬೇಡಿ. ಹಾಗಂದರೆ ಕೆಲಸ ಅಮ್ಮನದೇ ಅಂತಾಯ್ತಲ್ಲ!

ಗೋಪುರದ 10 ಘನಗಳನ್ನು (1ರಿಂದ 10 ಸೆಂ.ಮೀ.) ಒಂದೊಂದಾಗಿ ಚಾಪೆಗೆ ತರಬೇಕು, ಮುಗಿದ ಮೇಲೆ ಕಪಾಟಿಗೇ ಇಡಬೇಕು. ಹುಡುಗರು ಕೈಯಿಂದ ಕೈಗೆ ದಾಟಿಸಿಕೊಳ್ಳೋಕೆ ಬಿಟ್ಟರೆ ಹುಡುಗಿಯರ ಸರದಿ ಬರೋದೇ ಇಲ್ಲ.

ಅಪ್ಪಂದಿರು ತಕರಾರು ತೆಗೆದರೆ ಹೇಳಿ: ಈ ಪದ್ಧತಿ ರೂಪಿಸಿದ ಮರಿಯಾ ಮಾಂಟೆಸ್ಸರಿ 1896ರ ಬರ್ಲಿನ್ ಮಹಿಳಾ ಸಮ್ಮೇಳನದಲ್ಲಿ ಸಮಾನ ವೇತನ ಕೇಳಿದ ವೈದ್ಯೆ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಅವರು ಶುರುಮಾಡಿದ ಮೊದಲ ‘ಮಕ್ಕಳ ಮನೆ’ ದುಡಿಯಲು ಹೋಗುವ ತಂದೆತಾಯಿಯರ ಮಕ್ಕಳಿಗಾಗಿಯೇ ಇತ್ತು.