ಸಾಲದಲ್ಲಿ ಅವಳ ಹೆಸರು, ಕ್ರಯಪತ್ರದಲ್ಲಿ ಯಾರದ್ದು?

ನನ್ನ ಹತ್ತಿರ ಸಲಹೆ ಕೇಳಲು ಬಂದ ಜೋಡಿ ಇದು. ನಮಿತಾಗೆ 28, ಕಿರಣ್‌ಗೆ 31. ಹೆಸರು, ಊರು, ಕೆಲಸ, ಮೊತ್ತ ಎಲ್ಲ ಬದಲಿಸಿದ್ದೇನೆ. ನಿಶ್ಚಿತಾರ್ಥ ಆಗಿದೆ, ಛತ್ರ ಬುಕ್ ಆಗಿದೆ, ಮದುವೆಗೆ ಇನ್ನೂ ಐದು ತಿಂಗಳಿದೆ. ಅಷ್ಟರೊಳಗೆ ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಲೇಬೇಕು ಅಂತ ಕಿರಣ್ ಮನೆಯವರು. ಮೊದಲೆರಡು ವರ್ಷ ಬಾಡಿಗೆ ಮನೆಯಲ್ಲಿ ಇರೋಣ ಅಂತ ನಮಿತಾ. ಮಾತಿಗೆ ಮಾತು ಬೆಳೆದು ಇಬ್ಬರೂ ಫೋನ್ ಮಾಡುವುದನ್ನೇ ನಿಲ್ಲಿಸಿದ್ದರು.

"ಬಾಡಿಗೆ ಕಟ್ಟಿದ್ರೆ ಓನರ್ ಜೇಬಿಗೆ ಹೋಗುತ್ತೆ ಮೇಡಂ. ಅದೇ ದುಡ್ಡು ಕಂತಿಗೆ ಹಾಕಿದ್ರೆ ಮನೆ ನಮ್ಮದಾಗುತ್ತೆ ಅಲ್ವಾ?" ಇದು ಕಿರಣ್ ವಾದ. ಬೆಂಗಳೂರಿನಲ್ಲಿ ಇದನ್ನು ಕೇಳದ ಕಿವಿ ಇಲ್ಲ. ನಮಿತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಂಕಿಗೆ ನನ್ನ ಪೇ ಸ್ಲಿಪ್ ಕೇಳಿದ್ರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ" ಅಂದಳು.

ನಾನು ಅಲ್ಲೇ ಹಿಡಿದುಕೊಂಡೆ. ಸಾಲಕ್ಕೆ ಇಬ್ಬರೂ ಅರ್ಜಿದಾರರು. ಕ್ರಯಪತ್ರ ಯಾರ ಹೆಸರಿಗೆ? ಕಿರಣ್ ಮತ್ತು ಅವನ ತಂದೆಯ ಹೆಸರಿಗೆ. ಯಾಕೆ ಅಂತ ಕೇಳಿದರೆ ಅವನಿಗೆ ಉತ್ತರವೇ ಹೊಳೆಯಲಿಲ್ಲ. "ಅಪ್ಪ ಹಾಗೆ ಹೇಳಿದ್ರು" ಅಂದ. ಹುಡುಗ ಕೆಟ್ಟವನಲ್ಲ. ಅದರ ಅರ್ಥ ಏನು ಅಂತ ಅವನು ಯೋಚಿಸಿಯೇ ಇರಲಿಲ್ಲ.

ಇದು ಬಹಳ ಮನೆಗಳಲ್ಲಿ ಆಗುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಸಹ ಸಾಲಗಾರ್ತಿ ಅಂತ ಸಹಿ ಹಾಕಿದರೆ ಇಡೀ ಸಾಲಕ್ಕೂ ಅವಳು ಹೊಣೆ. ಕಂತು ತಪ್ಪಿದರೆ ಬ್ಯಾಂಕ್ ಅವಳನ್ನೂ ಕೇಳುತ್ತದೆ, ಅವಳ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ತೀರಿಸುತ್ತಾರಾ ಅಂತ ಬ್ಯಾಂಕುಗಳು ನೋಡುವ ಅಂಕ) ಬೀಳುತ್ತದೆ. ಆದರೆ ಕ್ರಯಪತ್ರದಲ್ಲಿ ಹೆಸರಿಲ್ಲದಿದ್ದರೆ ಆ ಮನೆಯ ಒಂದು ಇಟ್ಟಿಗೆಯೂ ಕಾಗದದ ಮೇಲೆ ಅವಳದ್ದಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆವು. ಫ್ಲ್ಯಾಟಿನ ಬೆಲೆ 80 ಲಕ್ಷ, ಇನ್ನೂ ಕಟ್ಟುತ್ತಿದ್ದಾರೆ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಕೊಡುವುದು ಬೆಲೆಯ ಶೇ. 80ರವರೆಗೆ, ಅಂದರೆ 64 ಲಕ್ಷ. ಉಳಿದ 16 ಲಕ್ಷ ಕೈಯಿಂದ ಹಾಕಬೇಕು. ಅದಲ್ಲದೆ ಬೆಲೆಯ ಮೇಲೆ ಜಿಎಸ್‌ಟಿ ಶೇ. 5, ಅದು 4 ಲಕ್ಷ. ಮುದ್ರಾಂಕ ಶುಲ್ಕ ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಇವೆರಡೂ ಸೇರಿ 6 ಲಕ್ಷ ದಾಟುತ್ತದೆ. ಒಟ್ಟು 26 ಲಕ್ಷ, ಅದೂ ಅಡುಗೆಮನೆಗೆ ಒಂದು ಕಪಾಟು ಮಾಡಿಸುವ ಮೊದಲೇ. ಕಿರಣ್ ಹತ್ತಿರ ಇದ್ದದ್ದು 9 ಲಕ್ಷ, ನಮಿತಾ ಹತ್ತಿರ 5. ಉಳಿದದ್ದನ್ನು "ಹುಡುಗಿ ಕಡೆಯವರು ನೋಡಿಕೊಳ್ತಾರೆ" ಅಂತ ಹಿರಿಯರಲ್ಲಿ ಮಾತಾಗಿತ್ತಂತೆ.

ಈ ಮಾತಿಗೆ ನಾನು ನೇರವಾಗಿಯೇ ಹೇಳಿದೆ. ಮದುವೆಯ ಸಂಬಂಧವಾಗಿ ಹುಡುಗನ ಕಡೆಯವರು ಹಣ ಕೇಳಿ, ಹುಡುಗಿಯ ಕಡೆಯವರು ಕೊಟ್ಟರೆ ಅದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ. ಫ್ಲ್ಯಾಟಿನ ಮುಂಗಡ ಅಂತ ಹೆಸರಿಟ್ಟರೂ ಅಷ್ಟೇ. ಕಿರಣ್ ಮುಖ ಸಪ್ಪಗಾಯಿತು. "ನಾವು ಹಾಗೆ ಅಂದ್ಕೊಂಡಿರ್ಲಿಲ್ಲ ಮೇಡಂ" ಅಂದ. ಅಂದುಕೊಂಡಿರಲಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಅದಕ್ಕೇ ಈಗಲೇ ಹೇಳಬೇಕಿತ್ತು.

ಇನ್ನು ಕಂತು. ಶೇ. 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ ಸುಮಾರು 53,500. ಮೊದಲ ಕಂತಿನಲ್ಲಿ 42,600ಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 11 ಸಾವಿರದೊಳಗೆ. ಪೂರ್ತಿ ಎರಡು ವರ್ಷ ಕಟ್ಟಿದ ಮೇಲೂ ಅಸಲು ಇಳಿಯುವುದು 3 ಲಕ್ಷಕ್ಕಿಂತ ಕಡಿಮೆ. ಕಿರಣ್ ಕ್ಯಾಲ್ಕುಲೇಟರಿನಲ್ಲಿ ತಾನೇ ಮತ್ತೆ ಮಾಡಿ ನೋಡಿದ. ಇನ್ನೊಂದು ವಿಷಯ ಇಬ್ಬರಿಗೂ ಹೊಳೆದಿರಲಿಲ್ಲ. ಕೀಲಿ ಕೈಗೆ ಬರುವುದು ಮೂರು ವರ್ಷದ ಮೇಲೆ. ಅಲ್ಲಿಯವರೆಗೆ ಬಾಡಿಗೆ ಮನೆ ಬೇಕೇ ಬೇಕು. ಬಾಡಿಗೆಯೂ ಕಟ್ಟಬೇಕು, ಬ್ಯಾಂಕು ಬಿಲ್ಡರಿಗೆ ಕೊಡುತ್ತಾ ಹೋದ ಹಣಕ್ಕೆ ಬಡ್ಡಿಯೂ ಕಟ್ಟಬೇಕು.

ಕಿರಣ್‌ಗೆ ಕೈಗೆ ಬರುವುದು 90 ಸಾವಿರ, ನಮಿತಾಗೆ 55. ಅವನು ಊರಿಗೆ 15 ಕಳಿಸುತ್ತಾನೆ. ಇಬ್ಬರೂ ದುಡಿದರೆ ಕಂತು ಎಳೆಯಬಹುದು. "ಮಗು ಆದ್ಮೇಲೆ?" ಅಂತ ಕೇಳಿದೆ. "ಒಂದೆರಡು ವರ್ಷ ಅವಳು ಕೆಲಸ ಬಿಟ್ರೆ ಒಳ್ಳೇದು ಅಂತ ಅಮ್ಮ ಹೇಳ್ತಿದ್ರು" ಅಂದ ಕಿರಣ್. ನಮಿತಾ ತಟ್ಟನೆ ಅವನ ಕಡೆ ತಿರುಗಿದಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ಸಾಲ ಸಿಗಲು ಅವಳ ಸಂಬಳ ಬೇಕು, ಮಗುವಿಗೆ ಅವಳು ಮನೆಯಲ್ಲೂ ಇರಬೇಕು. ಎರಡನ್ನೂ ಅವಳಿಗೆ ಹೇಳದೆಯೇ ಲೆಕ್ಕ ಹಾಕಿದ್ದರು. ಅವತ್ತು ಅವಳು ಅತ್ತಳು. ಅಳಲಿ ಅಂತ ಬಿಟ್ಟೆ.

ಮುಂದಿನ ಭೇಟಿಗೆ ಕಿರಣ್ ತಾಯಿಯನ್ನೂ ಕರೆಸಿದೆ. ತುಮಕೂರಿನಲ್ಲಿ ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಬಾಳಿದ ಹೆಂಗಸು. ನೆಂಟರು ಬಂದರೆ ನೀರು ಜಾಸ್ತಿ ಖರ್ಚಾಗುತ್ತೆ ಅಂತ ಓನರ್ ಮೇಲಿಂದಲೇ ವಾಲ್ವ್ ತಿರುಗಿಸಿಬಿಡುತ್ತಿದ್ದರಂತೆ. ಬಾಣಂತಿ ಸ್ನಾನಕ್ಕೂ ಪಕ್ಕದ ಮನೆಯಿಂದ ನೀರು ಹೊತ್ತು ತಂದಿದ್ದಾರೆ. "ನನ್ನ ಸೊಸೆಗೆ ಅದು ಬೇಡ ಅಂತ ಅಷ್ಟೇನಮ್ಮಾ" ಅಂದರು. ನಮಿತಾ ಇದನ್ನು ಮೊದಲ ಸಲ ಕೇಳಿದ್ದು. ಸ್ವಂತ ಮನೆ ಅನ್ನುವ ಅವರ ಆಸೆಗೆ ನನ್ನ ಪೂರ್ತಿ ಗೌರವ ಇದೆ.

ನಾನು ಕೊಟ್ಟ ಸಲಹೆ ಇಷ್ಟು. ಮದುವೆಗೆ ಮೊದಲು ಯಾವ ಕರಾರಿಗೂ, ಯಾವ ಸಾಲಕ್ಕೂ ಸಹಿ ಬೇಡ. ಈ ತಿಂಗಳೇ ಬುಕ್ ಮಾಡಿದರೆ ಪಾರ್ಕಿಂಗ್ ಫ್ರೀ ಅಂತ ಬಿಲ್ಡರ್ ಅವಸರ ಮಾಡಿದರೆ, ಮಾಡಲಿ. ಇಬ್ಬರ ಆಫೀಸಿಗೂ ಮೆಟ್ರೊ ಸಿಗುವ ಕಡೆ ಬಾಡಿಗೆ ಮನೆ ನೋಡಿ. ಅಡ್ವಾನ್ಸ್ ವಾಪಸ್ ಕೊಡುವುದು, ಪೇಂಟಿಂಗಿಗೆ ಹಿಡಿಯುವುದು, ನೀರಿನ ವ್ಯವಸ್ಥೆ, ಎಲ್ಲ 11 ತಿಂಗಳ ಕರಾರಿನಲ್ಲೇ ಬರೆಸಿ. ಅಮ್ಮನ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ, ಅವರನ್ನೂ ಮನೆ ನೋಡಲು ಕರೆದುಕೊಂಡು ಹೋಗಿ.

ಬಾಡಿಗೆ 24 ಸಾವಿರ ಆದರೆ, ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸ 29,500. ಅದನ್ನು ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಆರ್‌ಡಿ ಠೇವಣಿಗೆ ತಿಂಗಳು ತಿಂಗಳು ಹಾಕಿ. ಎರಡು ವರ್ಷಕ್ಕೆ ಬಡ್ಡಿ ಬಿಟ್ಟು 7 ಲಕ್ಷ ಆಗುತ್ತದೆ. ಕಟ್ಟಲು ಆಗುತ್ತಿಲ್ಲ ಅಂದರೆ ಆ ಕಂತೂ ನಿಮ್ಮ ಕೈಲಿ ಆಗುತ್ತಿರಲಿಲ್ಲ ಅಂತ ಸಾಲ ಇಲ್ಲದೆಯೇ ಗೊತ್ತಾಗುತ್ತದೆ. ನಮಿತಾಳ ತಂದೆ ಮಗಳಿಗೆ ಪ್ರೀತಿಯಿಂದ ಏನಾದರೂ ಕೊಡುವುದಾದರೆ ಅದು ಅವಳ ಖಾತೆಯಲ್ಲೇ ಇರಲಿ. ಮುಂದೆ ಮನೆ ಕೊಂಡಾಗ ಸಾಲದಲ್ಲಿ ಇಬ್ಬರಿದ್ದರೆ ಪತ್ರದಲ್ಲೂ ಇಬ್ಬರು. ಮಗು, ಕೆಲಸ, ಊರಿಗೆ ಕಳಿಸುವ ಹಣ, ಇವನ್ನು ಮೊದಲು ನೀವಿಬ್ಬರೇ ಮಾತಾಡಿ, ಆಮೇಲೆ ಹಿರಿಯರಿಗೆ ಹೇಳಿ.

ಕಿರಣ್ ತಂದೆಗೆ ಇದು ಹಿಡಿಸಲಿಲ್ಲ. ಮಗ ಸೊಸೆಯ ಮಾತು ಕೇಳಿದ ಅಂತ ಈಗಲೂ ಬೇಸರ ಇದೆ, ಅದು ಹೋಗಲು ಸಮಯ ಬೇಕು. ಫ್ಲ್ಯಾಟ್ ಬೇಡ ಅಂತ ಅವರಿಗೆ ಫೋನಿನಲ್ಲಿ ಹೇಳಿದ್ದು ಕಿರಣ್. ನಮಿತಾ ಹೆಸರು ಎತ್ತದೆ, "ಇದು ನನ್ನ ತೀರ್ಮಾನ ಅಪ್ಪ" ಅಂದನಂತೆ. ಈಗ ಬನಶಂಕರಿ ಕಡೆ ಎರಡು ಬೆಡ್‌ರೂಮಿನ ಮನೆಯೊಂದಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆ. ನೀರಿನ ಸಂಪು, ಮೋಟಾರು ನೋಡಿ ಒಪ್ಪಿದ್ದು ಕಿರಣ್ ತಾಯಿ.