ಚೋರ್ಲಾ ಘಾಟಿಗೆ 1 ಲೀಟರ್ ಎಂಜಿನ್ ಸಾಕಾ?

ಸರ್, ಬೆಳಗಾವಿಯಿಂದ ಚೋರ್ಲಾ ಮೇಲೆ ಗೋವಾಕ್ಕೆ ಐದು ಜನ ಹೋಗಿಬರಲು 1 ಲೀಟರ್ ಕಾರಿನ 67 ಎಚ್‌ಪಿ (ಎಂಜಿನ್ ಶಕ್ತಿ) ಸಾಕಾ ಅಂತ ಕೇಳಿದ್ದೀರಿ. ಹೋಗುವಾಗ ಇಳಿಜಾರು, ಏನೂ ಗೊತ್ತಾಗುವುದಿಲ್ಲ. ವಾಪಸ್ ಬರುವಾಗ ಘಾಟ್ ಹತ್ತಬೇಕಲ್ವಾ, ಪರೀಕ್ಷೆ ಅಲ್ಲೇ. ಸುಮ್ನೆ ಎಚ್‌ಪಿ ನೋಡಬೇಡಿ, ತೂಕ ಸೇರಿಸಿ ಲೆಕ್ಕ ಹಾಕಿ. ಖಾಲಿ ಕಾರು 820 ಕೆಜಿ ಇದ್ದರೆ ಟನ್ನಿಗೆ ಸುಮಾರು 82 ಎಚ್‌ಪಿ. ಜನ, ಬ್ಯಾಗು ಸೇರಿ 350 ಕೆಜಿ ಏರಿದರೆ ಅದು 57ಕ್ಕೆ ಇಳಿಯುತ್ತದೆ. ಪೂರ್ತಿ ಟಾರ್ಕ್ (ಚಕ್ರ ತಿರುಗಿಸಿ ಎಳೆಯುವ ಬಲ) 3500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3500 ಸುತ್ತಿನಲ್ಲಿ, ಬರುವ ಎಂಜಿನ್, ತಿರುವಿನಲ್ಲಿ 1500ಕ್ಕೆ ಬಿದ್ದರೆ ಗಡಗಡ ನಡುಗುತ್ತದೆ. ಆಗ ಸೆಕೆಂಡ್ ಗೇರಿಗೆ ಇಳಿಸಲೇಬೇಕು. ನನ್ನದೂ 1 ಲೀಟರೇ. ಹತ್ತುತ್ತದೆ, ಆದರೆ ಅಲ್ಲಿ ಲಾರಿ ಓವರ್‌ಟೇಕ್ ಮಾಡಲು ಹೋಗುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ. ಎಸಿ ಹಾಕಿ, ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ. ತಿಂಗಳಿಗೊಮ್ಮೆ ಗೋವಾ ಇದ್ದರೆ 1.2 ಲೀಟರ್ ತಗೊಳ್ಳಿ.