ಓದುಗರ ಪ್ರಶ್ನೆ: ವಾಕ್ಯದಲ್ಲಿ ಇಲ್ಲದ ಪದವನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: "ಈ ಪುಸ್ತಕ ಯಾರಿಗೆ ಕೊಟ್ಟೆ?" ಎಂದು ಕೇಳಿದರೆ "ಪಕ್ಕದ ಮನೆ ಹುಡುಗನಿಗೆ" ಅನ್ನುತ್ತೇವೆ, "ಕೊಟ್ಟೆ" ಅನ್ನುವುದಿಲ್ಲ. ಇಂಥ ಪದಲೋಪದ ಮೇಲೆ ಪ್ರಯೋಗ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
— ಎಂ.ಎ. ವಿದ್ಯಾರ್ಥಿನಿ, ಜ್ಞಾನಭಾರತಿ

ಉತ್ತರ: ಉಳಿದ ಪದದ ವಿಭಕ್ತಿಯಿಂದ. "ಹುಡುಗನಿಗೆ" ಎಂಬಲ್ಲಿನ "ಗೆ" ಎಲ್ಲಿಂದ ಬಂತು? ಕಿವಿಗೆ ಬೀಳದ ಇಡೀ ವಾಕ್ಯವೊಂದು ಅಲ್ಲಿದೆ, ಅದರ ಕ್ರಿಯಾಪದವೇ ಈ ವಿಭಕ್ತಿಯನ್ನು ಬೇಡುತ್ತದೆ ಎಂಬುದು ಭಾಷಾವಿಜ್ಞಾನಿ ಜೇಸನ್ ಮರ್ಚೆಂಟ್ 2004ರಲ್ಲಿ ಮಂಡಿಸಿದ ವಾದದ ತಿರುಳು. ವಿಭಕ್ತಿ ಎದ್ದು ಕಾಣುವ ಕನ್ನಡ ಇದನ್ನು ಪರೀಕ್ಷಿಸಲು ಇಂಗ್ಲಿಷಿಗಿಂತ ಒಳ್ಳೆಯ ನೆಲ.

ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಬರೆಯಿರಿ: "ಹುಡುಗನಿಗೆ", "ಹುಡುಗ", "ಹುಡುಗನಿಗೆ ಕೊಟ್ಟೆ", "ಹುಡುಗ ಕೊಟ್ಟೆ". ಕೊನೆಯದು ತಪ್ಪೆಂದು ಗೊತ್ತಿದ್ದರೂ ಬೇಕೇ ಬೇಕು. ಪ್ರತಿ ಉತ್ತರ ಎಷ್ಟು ಸಹಜವೆಂದು ಕನ್ನಡ ಆಡುವವರಿಂದ ಅಂಕ ಹಾಕಿಸಿ. ವಿಭಕ್ತಿ ಬಿದ್ದರೆ ಪೂರ್ಣ ವಾಕ್ಯಕ್ಕೆ ಎಷ್ಟು ಅಂಕ ಕಡಿಮೆಯಾಗುತ್ತದೋ ಬಿಡಿ ಉತ್ತರಕ್ಕೂ ಅಷ್ಟೇ ಕಡಿಮೆಯಾದರೆ ಮರ್ಚೆಂಟ್ ವಾದಕ್ಕೆ ಬಲ. ಬಿಡಿ ಉತ್ತರಕ್ಕೆ ಹೆಚ್ಚು ರಿಯಾಯಿತಿ ಸಿಕ್ಕರೆ ಬೇರೆ ವಿವರಣೆ ಹುಡುಕಬೇಕು.

ಇಂಥ 24 ಪ್ರಶ್ನೆ ಮಾಡಿ, ನಾಲ್ಕು ಪಟ್ಟಿಗಳಿಗೆ ಹಂಚಿ. ಒಬ್ಬರಿಗೆ ಒಂದು ಪ್ರಶ್ನೆಯ ಒಂದೇ ರೂಪ ಸಿಗಬೇಕು, ಪ್ರತಿ ರೂಪದ್ದು ಆರಾರು ಬರಬೇಕು. ಜೊತೆಗೆ ಸಂಬಂಧವಿಲ್ಲದ 48 ಸಂಭಾಷಣೆ ಬೆರೆಸಿ, ಇಲ್ಲದಿದ್ದರೆ ಹತ್ತನೆಯದಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಗುಟ್ಟು ತಿಳಿದಿರುತ್ತದೆ. ಅಂಕ 1ರಿಂದ 7. ಭಾಗವಹಿಸುವವರ ಸಂಖ್ಯೆ ನಾಲ್ಕರಿಂದ ಭಾಗವಾಗಲಿ. 48 ಜನ ಸಿಕ್ಕರೆ ಒಳ್ಳೆಯದು. ಕೆಲವರು ಏನಿದ್ದರೂ 5ರ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಅಂಕದಿಂದ ಅವರದೇ ಸರಾಸರಿಯನ್ನು ಕಳೆದು, ಅವರದೇ ಅಂಕಗಳ ಪ್ರಮಾಣಿತ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆಯಿಂದ) ಭಾಗಿಸಿ ಝಡ್ ಸ್ಕೋರ್ ಮಾಡಿಕೊಳ್ಳಿ.

ಕೆಡುವುದು ಬಹುಪಾಲು ವಾಕ್ಯ ಬರೆಯುವಾಗಲೇ. "ಯಾರಿಗೆ ಕೊಟ್ಟೆ?" ಎಂಬುದಕ್ಕೆ "ಅಮ್ಮ" ಎಂದು ಬರೆದರೆ ಓದುವವರು ಅದನ್ನು ಅಮ್ಮನನ್ನು ಕರೆದದ್ದೆಂದು ತಿಳಿದು ಒಳ್ಳೆಯ ಅಂಕ ಕೊಟ್ಟುಬಿಡಬಹುದು. ದ್ವಿತೀಯಾ ವಿಭಕ್ತಿಯನ್ನೂ ಆರಿಸಬೇಡಿ: "ಪುಸ್ತಕ ತಂದೆ" ಎಂಬಲ್ಲಿ "ಅನ್ನು" ಇಲ್ಲದಿದ್ದರೂ ವಾಕ್ಯ ಸರಿಯೇ ಆದ್ದರಿಂದ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಪ್ರಶ್ನೆ ಆಡುಮಾತಿನಲ್ಲಿದ್ದು ಉತ್ತರ ಗ್ರಾಂಥಿಕವಾಗಿದ್ದರೆ ಜನ ಆ ಅಸಮಕ್ಕೇ ಅಂಕ ಕಡಿಯುತ್ತಾರೆ. ಧ್ವನಿಮುದ್ರಿಸಿ ಕೇಳಿಸುವುದು ವಾಸಿ. "ಸರಿಯೋ ತಪ್ಪೋ" ಎನ್ನಬೇಡಿ, ಶಾಲೆಯ ವ್ಯಾಕರಣ ನೆನಪಾಗುತ್ತದೆ. "ಹೀಗೆ ಹೇಳೋದು ಎಷ್ಟು ಸಹಜ?" ಎನ್ನಿ. ಬೆಂಗಳೂರಿನಲ್ಲಿ ಕನ್ನಡ ಸಲೀಸಾಗಿ ಆಡುವವರ ಮನೆಮಾತು ತೆಲುಗೋ ತಮಿಳೋ ಉರ್ದುವೋ ಆಗಿರುವುದುಂಟು. ಅವರನ್ನು ಬಿಡಬೇಕಿಲ್ಲ, ಆದರೆ ಮನೆಮಾತನ್ನೂ ಬೆಳೆದ ಊರನ್ನೂ ಬರೆದುಕೊಳ್ಳದೆ ಪ್ರಯೋಗ ಶುರು ಮಾಡಬೇಡಿ.

ಪ್ರಶ್ನೆ: ಇಲ್ಲದ ಪದವನ್ನು ಕಾರ್ಪಸ್‌ನಲ್ಲಿ (ಕಂಪ್ಯೂಟರಿನಲ್ಲಿ ಕೂಡಿಟ್ಟ ಪಠ್ಯಗಳ ಸಂಗ್ರಹದಲ್ಲಿ) ಹುಡುಕುವುದಾದರೂ ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಜಯನಗರ

ಉತ್ತರ: ಲೋಪದ ಅಕ್ಕಪಕ್ಕ ಉಳಿಯುವುದನ್ನು ಹುಡುಕಿ. "ಯಾರಿಗೋ ಫೋನ್ ಮಾಡಿದ, ಯಾರಿಗೆ ಅಂತ ಗೊತ್ತಿಲ್ಲ" ಎಂಬ ಬಗೆಯನ್ನು 1969ರಲ್ಲಿ ಭಾಷಾವಿಜ್ಞಾನಿ ಜಾನ್ ರಾಸ್ ಇಂಗ್ಲಿಷಿನಲ್ಲಿ ಗುರುತಿಸಿ ಸ್ಲೂಸಿಂಗ್ ಎಂದು ಕರೆದರು. ಪ್ರಶ್ನಾಪದದ ಬೆನ್ನಿಗೇ "ಅಂತ", "ಅಂತಾ", "ಎಂದು", "ಎಂಬುದು" ಬರುವ ಸಾಲುಗಳನ್ನೆಲ್ಲ ತೆಗೆಯಿರಿ. "ಅವರು ಯಾರು ಅಂತ ಗೊತ್ತಿಲ್ಲ" ಎಂಬುದೂ ಬಲೆಗೆ ಬೀಳುತ್ತದೆ. ಅಲ್ಲಿ ಏನೂ ಲೋಪವಾಗಿಲ್ಲ. "ಇದು ನನ್ನ ಮನೆ" ಎಂಬಂತೆ ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣ. ಆದ್ದರಿಂದ ಕ್ರಿಯಾಪದವಿಲ್ಲದ ವಾಕ್ಯಗಳನ್ನೆಲ್ಲ ಪದಲೋಪವೆಂದು ಎಣಿಸುವ ಪ್ರೋಗ್ರಾಂ ಖಂಡಿತ ತಪ್ಪು ಲೆಕ್ಕ ಕೊಡುತ್ತದೆ. "ಯಾರು ಅಂತ" ಸಂದಿಗ್ಧ. "ಯಾರಿಗೆ ಅಂತ", "ಯಾರಿಂದ ಅಂತ" ನಂಬಬಹುದಾದ ಸಾಕ್ಷ್ಯ.

ಹುಡುಕುವ ಮುನ್ನ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರ ಎಲ್ಲೆಡೆ ಒಂದೇ ಬಗೆಯ ಸಂಕೇತದಲ್ಲಿರುವ ಯೂನಿಕೋಡ್ ರೂಪಕ್ಕೆ) ತನ್ನಿ. "ೋ" ಚಿಹ್ನೆ ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳಾಗಿಯೂ ಇರಬಹುದು. "ಮೆಜೆಸ್ಟಿಕ್‌ಗೆ" ಎಂಬಲ್ಲಿ ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಯು+200ಸಿ ಎಂಬ ಸಂಕೇತ ಕೂತಿರುತ್ತದೆ, ಅದಿಲ್ಲದೆ ಹುಡುಕಿದರೆ ಪದ ಸಿಗುವುದೇ ಇಲ್ಲ. ಸುದ್ದಿ ಪಠ್ಯವಾದರೆ ಶೀರ್ಷಿಕೆಗಳನ್ನು ಬೇರೆ ಇಡಿ, ಅಲ್ಲಿ ಪದ ಬಿಡುವುದೇ ರೂಢಿ. ಸಿಕ್ಕಿದ್ದರಲ್ಲಿ ಮೊದಲ 100 ಸಾಲುಗಳನ್ನು ಇಬ್ಬರು ಪ್ರತ್ಯೇಕವಾಗಿ ಗುರುತು ಹಾಕಿ, ಕೊಹೆನ್ ಕಪ್ಪಾ (ಆಕಸ್ಮಿಕ ಹೊಂದಿಕೆಯನ್ನು ಕಳೆದು ಇಬ್ಬರ ಒಮ್ಮತವನ್ನು ಅಳೆಯುವ ಸಂಖ್ಯೆ) ನೋಡಿ, ಎಲ್ಲಿ ಒಮ್ಮತವಿಲ್ಲವೋ ಅಲ್ಲಿ ಸೂಚನೆಯನ್ನು ತಿದ್ದಿ ಮುಂದುವರಿಯಿರಿ.

ಪ್ರಶ್ನೆ: "ರವಿ ಕಾಫಿ, ಸೀತಾ ಟೀ ಕುಡಿದಳು" ಸರಿಯೋ, "ಕುಡಿದರು" ಸರಿಯೋ?
— ಕನ್ನಡ ಅಧ್ಯಾಪಕರು, ಬಸವನಗುಡಿ

ಉತ್ತರ: ಪ್ರಯೋಗಕ್ಕೆ ಹೇಳಿ ಮಾಡಿಸಿದ ಪ್ರಶ್ನೆ ಇದು. "ಕುಡಿದಳು" ಬಂದರೆ ರವಿಯ "ಕುಡಿದ" ಲೋಪವಾಗಿದೆ ಎನ್ನಬಹುದು. "ಕುಡಿದರು" ಬಂದರೆ ಒಂದೇ ಕ್ರಿಯಾಪದ ಇಬ್ಬರನ್ನೂ ಒಟ್ಟಿಗೆ ಹೊತ್ತಿದೆ, ಲೋಪವೆಂಬ ಮಾತೇ ಏಳದಿರಬಹುದು. ಜೋಡಿಯಲ್ಲಿ ಒಂದು ಗಂಡು, ಒಂದು ಹೆಣ್ಣು ಹೆಸರಿರಲಿ. ಇಬ್ಬರೂ ಗಂಡಸರಾದರೆ "ಕುಡಿದ" ಯಾರದೆಂದು ತಿಳಿಯುವುದಿಲ್ಲ. ಮೇಷ್ಟ್ರು, ಅಜ್ಜಿ ಮುಂತಾದವರನ್ನು ತರಬೇಡಿ, "ಕುಡಿದರು" ಎಂಬುದು ಬಹುವಚನವೋ ಗೌರವವೋ ಎಂಬ ಗೊಂದಲವಾಗುತ್ತದೆ. ಮಕ್ಕಳ ಹೆಸರುಗಳನ್ನೇ ಬಳಸಿ.